ಒಡೆದ ಕೊಳವೆಗಳು

ಮಾರ್ಚ್ ೨೮, ಶನಿವಾರ

ಚಳಿಗಾಲಕ್ಕೆ ಮುಂಚೆ ಕ್ಯಾಂಪಿಂಗ್ ವ್ಯಾನಿನ ಟ್ಯಾಂಕು, ಕೊಳವೆಗಳ ನೀರು ಬಸಿಯಲು ಮರೆತಿದ್ದೆ. ಆಗ ನನ್ನ ಗಂಡ ಎಕ್‌ಹಾರ್ಟ್ ಆಸ್ಪತ್ರೆಯಲ್ಲಿದ್ದ. ಇವತ್ತು ಪಂಪು ಹಾಕಿದರೆ ವ್ಯಾನಿನ ನೆಲದಡಿಯಿಂದ ನೀರು ಚಿಮ್ಮಿತು. ಹೆಪ್ಪುಗಟ್ಟಿದ ನೀರಿಗೆ ಕೊಳವೆಗಳೆಲ್ಲ ಸೀಳಿಹೋಗಿವೆ. ಮೆಕ್ಯಾನಿಕ್, "ಮೇ ತಿಂಗಳಿಗೆ ಮುಂಚೆ ಆಗಲ್ಲಮ್ಮ" ಅಂದ. ಡಾಕ್ಟರು ಎಕ್‌ಹಾರ್ಟ್‌ಗೆ ಹೇಳಿರುವ ಆಯುಸ್ಸು ಏಪ್ರಿಲ್‌ವರೆಗೆ ಮಾತ್ರ. ಈಸ್ಟರ್‌ಗೆ ಉತ್ತರ ಸಮುದ್ರ ನೋಡಬೇಕೆಂಬುದೊಂದೇ ಅವನ ಆಸೆ.

ಒದ್ದೆ ಬಟ್ಟೆಯಲ್ಲೇ ಅಳುತ್ತ ಕೂತಿದ್ದೆ. ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಅವನೇ ಅಂಗಳಕ್ಕೆ ಬಂದು ನೋಡಿದ.

"ಸಮುದ್ರಕ್ಕೆ ಹೋಗೋರಿಗೆ ನೀರಿನ ಚಿಂತೆನಾ, ವಾಲ್ಟ್ರೌಟ್? ಎರಡು ಬಕೆಟ್ ಹಾಕ್ಕೋ."

"ಸ್ನಾನ?"

"ನಲವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದೀಯ, ಒಂದು ವಾರ ನಾತ ತಡ್ಕೊಳಕ್ಕಾಗಲ್ವೇನೇ? ಈಸ್ಟರ್ ಬೇಡ, ನಾಳೆನೇ ಹೊರಡೋಣ."

ನಕ್ಕೆ. ಹೊದಿಕೆ, ಔಷಧ, ಬಕೆಟ್ ಎಲ್ಲ ವ್ಯಾನಿಗೆ ಹಾಕಿದ್ದೇನೆ. ಈಗ ರಾತ್ರಿ, ಮಲಗಿರುವ ಅವನ ಪಕ್ಕದಲ್ಲಿ ಕೂತು ಉಸಿರು ಎಣಿಸುತ್ತಿದ್ದೇನೆ. ಸಂಜೆಗಿಂತ ನಿಧಾನವಾಗಿದೆ. ಬೆಳಗಾಗುವವರೆಗೆ ಸಾಕು, ದೇವರೇ, ಬೆಳಗಾಗುವವರೆಗಾದರೂ...