ಗುಡ್ಡ ಹತ್ತಿ ಮುಳುಗಿದ ದನ

ನೆಲ ನೋಡದೆ ನಕ್ಷೆ ನೋಡಿಯೇ ಬೇಲಿ ಮಂಜೂರು ಮಾಡುವ ಮಾನ್ಯರೇ,

ಪಡೀಲಿನಲ್ಲಿ ನಮ್ಮ ಮನೆಗಳ ಹಿಂದಿರುವ ಕೆಂಪುಕಲ್ಲಿನ ಹಳೇ ಕೋರೆಯ ಹೊಂಡಕ್ಕೆ ಬೇಲಿ ಹಾಕಿಸಿ ಎಂದು ಅರ್ಜಿ ಕೊಟ್ಟೆವು. "ನಕ್ಷೆಯ ಪ್ರಕಾರ ಸದರಿ ಸ್ಥಳದಲ್ಲಿ ಹೊಂಡವಿಲ್ಲ, ಗುಡ್ಡವಿದೆ" ಎಂದು ತಾವು ಉತ್ತರಿಸಿದಿರಿ. ಹಾಗಾದರೆ ಕಳೆದ ತಿಂಗಳು ನೆರೆಮನೆಯ ಅಕ್ಕುವಿನ ದನ ಗುಡ್ಡ ಹತ್ತಿ ನೀರಿನಲ್ಲಿ ಮುಳುಗಿತೇ?

ಅದನ್ನು ಮೇಲೆತ್ತಲು ನನ್ನ ಅಳಿಯ ಧನರಾಜ್ ಬಂದರಿನಿಂದ ಬಲೆ ತರಬೇಕಾಯಿತು. "ಮಾಮ, ಇಷ್ಟು ದೊಡ್ಡ ಅಂಜಲ್ ಮೀನು ನಮ್ಮ ಬೋಟಿಗೆ ಯಾವತ್ತೂ ಬೀಳ್ಲಿಲ್ಲ!" ಎಂದ. "ನಗುವುದು ಆಮೇಲೆ, ಮೊದಲು ಎಳಿ ಮಾರಾಯ!" ಎಂದು ಅಕ್ಕು ಬೈದಳು. ದನ ಬದುಕಿತು. ಈಗ ನಕ್ಷೆಯ ಗುಡ್ಡದ ಕಡೆಗೆ ತಲೆ ಹಾಕಿಯೂ ಮಲಗುವುದಿಲ್ಲ.

ತಮ್ಮ ಕಚೇರಿಗೂ ಬಂದೆ. ತಾವು ನನ್ನ ಅಪ್ಪನ ಕಾಲದ ನಕ್ಷೆ ಬಿಡಿಸಿದಿರಿ. "ಇಲ್ಲಿ ಗೆರೆ ಉಂಟಲ್ಲ? ಗೆರೆ ಅಂದ್ರೆ ಎತ್ತರ."

"ಎಂತ ಎತ್ತರ? ಅದನ್ನು ಕಡಿದವ ನಾನೇ ಮಾರಾಯ್ರೆ!"

"ಕಡಿದದ್ದಕ್ಕೆ ದಾಖಲೆ ಉಂಟಾ?"

ಇದೆ ಸ್ವಾಮಿ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಆ ಗುಡ್ಡ ಹತ್ತಿದೆ. ಇಪ್ಪತ್ತೆರಡು ವರ್ಷ ಕಲ್ಲು ಕಡಿದೆ. ಪೇಟೆಯಲ್ಲಿ ಮಣ್ಣಗುಡ್ಡದ ಎಷ್ಟೋ ಮನೆಗಳ ಗೋಡೆಯೇ ದಾಖಲೆ. ತಮ್ಮ ಬೆನ್ನ ಹಿಂದಿನ ಗೋಡೆಯ ಸುಣ್ಣ ಕೆರೆದು ನೋಡಿ. ಗುಡ್ಡ ಅಲ್ಲಿದೆ, ನಮ್ಮಲ್ಲಿ ಇಲ್ಲ.

ನಕ್ಷೆಯ ಮೇಲೆ ನನಗೆ ಸಿಟ್ಟಿಲ್ಲ. ಗುಡ್ಡದ ತುದಿಯಲ್ಲಿದ್ದ ಒಂಟಿ ತಾಳೆಮರ, ಮಧ್ಯಾಹ್ನ ನಾವು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ ಒರತೆ, ಎರಡನ್ನೂ ಯಾರೋ ಪುಣ್ಯಾತ್ಮ ಗುರುತು ಹಾಕಿಟ್ಟಿದ್ದಾನೆ. ಐವತ್ತು ವರ್ಷದ ಮೇಲೆ ಅವನ್ನು ಕಂಡು ಬೈಯಲು ಬಂದವನು ಬೈಯುವುದನ್ನೇ ಮರೆತೆ. ನಕ್ಷೆ ಸುಳ್ಳಲ್ಲ, ನನ್ನ ಹಾಗೆ ಹಳತು. ಹಳಬರ ಕಥೆ ಕೇಳಬೇಕು. ಮುಂದೆ ಹೊಂಡ ಇಲ್ಲವೆಂದು ಅವರ ಕಣ್ಣು ನಂಬಿ ಕಾಲಿಡಬಾರದು.

ನನ್ನ ಮೊಮ್ಮಗಳು ಹರ್ಷಿತಾ, ಅವಳ ಜೊತೆಯ ಮಕ್ಕಳು ಶಾಲೆಗೆ ಹೋಗುವುದು ಆ ಹೊಂಡದ ಅಂಚಿನಲ್ಲೇ. ಮಳೆ ಹಿಡಿದರೆ ದಾರಿಗೂ ನೀರಿಗೂ ಒಂದೇ ಬಣ್ಣ. ಆದ್ದರಿಂದ ಹಳೇ ನಕ್ಷೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಹೊಸತನ್ನು ಬರೆಸಿ, ಶಾಲೆ ತೆರೆಯುವ ಮೊದಲು ಬೇಲಿ ಹಾಕಿಸಿ. ಇನ್ನೂ ಸಂಶಯವಿದ್ದರೆ ಶನಿವಾರ ನಕ್ಷೆ ಹಿಡಿದು ಬಂದು ತಮ್ಮ ಗುಡ್ಡವನ್ನು ತಾವೇ ಹತ್ತಿ. ಧನರಾಜ್ ಬಲೆ ಹಿಡಿದು ನಿಂತಿರುತ್ತಾನೆ. ದನದ ಭಾರ ತಡೆದ ಬಲೆ, ಅಧಿಕಾರಿಯದನ್ನೂ ತಡೆದೀತು.

ಇಂತಿ,
ತಮ್ಮ ಗುಡ್ಡವನ್ನು ರಶೀದಿ ಇಲ್ಲದೆ ಕಡಿದು ಮುಗಿಸಿದ,
ಐದನೇ ಕ್ಲಾಸಿನ ಸೇಸಪ್ಪ