ಅಪ್ಪಣೆಗೂ ಧೈರ್ಯಕ್ಕೂ ಒಂದೇ ಪದ

೧೪ ಜೂನ್ ೨೦೦೬, ಬುಧವಾರ. ಹೊಸಪೇಟೆ.

ಆ ಪದ ಬೆಳಗಿನಿಂದ ತಲೆಯಲ್ಲೇ ಕೂತಿದೆ. ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿರುವ ವೆಸ್ನಾ ಸರ್ಬಿಯಾದವಳು, ವಡ್ಡು ಊರಿನ ಹತ್ತಿರದ ಫ್ಯಾಕ್ಟರಿಗೆ ಮಷೀನ್ ಕೂಡಿಸಲು ಬಂದ ಇಂಜಿನಿಯರ್. ಅಲ್ಲಿ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿದೆ. ಮನೆಯಲ್ಲಿ ಕೇಳಲು ಧೈರ್ಯವಿಲ್ಲ ಅಂದಿದ್ದಕ್ಕೆ, ಅವಳು ತನ್ನ ಭಾಷೆಯ ಕ್ರಿಯಾಪದವೊಂದನ್ನು ಹೇಳಿಕೊಟ್ಟಳು. ನಾನು ಆದರೆ ಸ್ಮೆಮ್, ನೀನು ಆದರೆ ಸ್ಮೆಶ್. ಸ್ಮೆ ಅಂದರೆ ಅವನೂ ಆಯಿತು, ಅವಳೂ ಆಯಿತು. ಅಪ್ಪಣೆ ಇದೆ ಅಂತಲೂ ಅರ್ಥ, ಧೈರ್ಯ ಇದೆ ಅಂತಲೂ ಅರ್ಥ. ಯಾವುದು ಅಂತ ಹೇಗೆ ತಿಳಿಯುತ್ತೆ ಅಂದೆ. ನಕ್ಕಳು.

ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ, ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ ಅಂತ. ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಯಾರನ್ನ ಕೇಳಿ ಹೊಂಟೀಯವ್ವಾ?"

ಪಲ್ಯ ಬಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು, "ನನ್ನ ಕೇಳ್ಯಾಳ. ಹೋಗು ಅಂದೀನಿ."

ನಾನು ಅವರನ್ನು ಕೇಳಿರಲೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆ ಎಂದೂ ಮಾವನವರಿಗೆ ಎದುರು ಮಾತಾಡಿದ್ದನ್ನು ನೋಡಿಯೂ ಇಲ್ಲ. ಮಾವ ಉಂಡೆದ್ದರು.

ಆಮೇಲೆ ಅಡುಗೆಮನೆಯಲ್ಲಿ ಏನಾದರೂ ಹೇಳಬೇಕೆಂದು ಹತ್ತಿರ ಹೋದೆ. ಅವರು ತೊಳೆದ ತಾಟನ್ನೇ ಮತ್ತೆ ತೊಳೆಯುತ್ತಿದ್ದರು.

"ಸೋಮವಾರ ಬುತ್ತಿಗೆ ಏನ್ ಕಟ್ಲವ್ವಾ?" ಅಂದರು.