ಓದಿದವರ ಹೆಸರು

ಠಾಣಾ ಕುಶನೂರ
11 ಸೆಪ್ಟೆಂಬರ್ 2025, ಗುರುವಾರ

ಉಮಾಶ್ರೀಗೆ,

ಮುಸರ್ರತಳ ಸಲಾಮು. ‘ಪ್ರೀತಿಯ ಉಮಾ’ ಎಂದು ಬರೆದು ಆಗಲೇ ಒಂದು ಹಾಳೆ ಹರಿದು ಹಾಕಿದ್ದೇನೆ. ಇಪ್ಪತ್ತಾರು ವರ್ಷ ಹಾಗೆ ಬರೆದ ಕೈಗೆ ಬೇರೆ ಏನೂ ಬರೆಯಲು ಬರುತ್ತಿಲ್ಲ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ. ಖಟಕ ಚಿಂಚೋಳಿಯ ಸಾಲಿಯಿಂದ ನಮ್ಮಿಬ್ಬರ ರೂಢಿಯೇ ಅದು. ಮನೆಯಲ್ಲಿ ಉರ್ದು ಆಡುತ್ತಿದ್ದ ನನ್ನ ಕನ್ನಡದ ಒತ್ತಕ್ಷರ ತಿದ್ದಿದವಳು ನೀನು. ಭಾಲ್ಕಿಯ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ನಿಂತು ಹೋದೆವು. ನೀನು ಬೀದರಿನಲ್ಲಿ ಕನ್ನಡ ಉಪನ್ಯಾಸಕಿಯಾದೆ, ನಾನು ಈ ಊರಿನ ಗ್ರಂಥಾಲಯಕ್ಕೆ ಬಂದೆ. ಆ ಕೆಲಸದ ಅರ್ಜಿ ತುಂಬಿದ್ದೂ ನೀನೇ. ಅದನ್ನೆಲ್ಲ ಮರೆತಿದ್ದರೆ ಈ ಪತ್ರ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಜುಲೈಯಲ್ಲಿ, ಸೋಯಾ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ, ಔರಾದ ತಾಲೂಕಿನ ಪಕ್ಷದ ಮುಖಂಡ ಸತೀಶಕುಮಾರ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದ. ಒಂಬತ್ತು ಪುಸ್ತಕಗಳ ಪಟ್ಟಿ ನನ್ನ ಮೇಜಿನ ಮೇಲಿಟ್ಟ. ಅದರಲ್ಲಿ ಕಾದಂಬರಿಗಳಿದ್ದವು, ಜಾತಿ ಬಿಟ್ಟು ಮದುವೆಯಾದವರ ಅನುಭವಗಳಿದ್ದವು, ತವರಿನ ಹೊಲದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಹೇಗೆ ಬರುತ್ತದೆ ಎಂದು ತಿಳಿಸುವ ತೆಳ್ಳನೆಯ ಕಾನೂನು ಪುಸ್ತಕವೂ ಇತ್ತು. ಇವು ಮನಿ ಒಡೆಯೋ ಪುಸ್ತಕ, ಇವತ್ತೇ ತೆಗೀರಿ ಅಂದ. ಲಿಖಿತ ಆದೇಶ ತರ್ರಿ, ಆಮೇಲೆ ನೋಡೋಣ ಅಂದೆ. ಹೆದರಿ, ಪುಸ್ತಕ ಒಯ್ದವರ ರಜಿಸ್ಟರನ್ನು ತೊಡೆಯ ಮೇಲೆ ಎಳೆದುಕೊಂಡೆ. ಮೇಜಿನ ಹಿಂದೆ ಕೂತಿದ್ದರಿಂದ ಯಾರಿಗೂ ಕಾಣಲಿಲ್ಲ. ನಿಮ್ಮ ಮಂದಿ ಪುಸ್ತಕ ಒಂದೂ ಪಟ್ಟ್ಯಾಗ ಇಲ್ಲಲ್ರಿ ಬಾಯಿ, ನಿಮಗ್ಯಾಕ ಬ್ಯಾನಿ ಎಂದು ನಕ್ಕು ಹೋದ. ಆ ನಗುವನ್ನೂ ನಿನಗೆ ಹೇಳಿದ್ದೆ.

ಅವತ್ತು ಸಂಜೆ ನೀನು ಆಡಿದ ಮಾತು ನೆನಪಿದೆಯೇ? ಹೆದರಬ್ಯಾಡ ಮುಸ್ಸಿ, ಇದಕ್ಕೊಂದು ಸಮಿತಿ ಆಗ್ತದ, ಅದರಾಗ ನಾನೂ ಇರ್ತೇನಿ ಅಂದೆ. ಈ ಪುಸ್ತಕ ಮಂದಿ ಓದ್ತಾರ ಅನ್ನಲಿಕ್ಕ ಪುರಾವೆ ಬೇಕು, ರಜಿಸ್ಟರಿನ ಫೋಟೊ ಕಳಸು ಅಂದೆ. ಅದರಲ್ಲಿ ಓದುಗರ ಹೆಸರಿವೆ ಎಂದು ನಾನು ಹಿಂಜರಿದೆ. ನನ್ನ ಮ್ಯಾಲ ವಿಶ್ವಾಸ ಇಲ್ಲೇನು ಎಂದು ನೀನು ಕೇಳಿದೆ. ನಾನು ಕಳಿಸಿದೆ, ಉಮಾ.

ಆಗಸ್ಟಿನಲ್ಲಿ ಸಮಿತಿಯ ಮೂವರು ಬಂದಿರಿ. ಎಲ್ಲರೆದುರು ನೀನು ನನ್ನನ್ನು ಮೇಲ್ವಿಚಾರಕಿಯವರೇ ಎಂದು ಕರೆದೆ. ನಾನು ಮಾಡಿಸಿದ ಚಹಾ ಮುಟ್ಟಲಿಲ್ಲ. ಒಂದು ತಾಸಿನಲ್ಲಿ ಒಂಬತ್ತು ಪುಸ್ತಕ ನೋಡಿ ಮುಗಿಸಿ, ಸಮಾಜದ ಶಾಂತಿಗೆ ಧಕ್ಕೆ ಎಂದು ವರದಿ ಬರೆದಿರಿ. ಅದರ ಎರಡನೆಯ ಸಾಲು ‘ಆದಾಗ್ಯೂ’ ಎಂಬ ನಿನ್ನ ರೂಢಿಯ ಪದದಿಂದ ಶುರುವಾಗುತ್ತದೆ. ಆ ಸಾಲು ಯಾರದೆಂದು ನನಗೆ ಹೇಳಿಕೊಡಬೇಕೇ? ಪುಸ್ತಕಗಳನ್ನು ಸುತಳಿಯಿಂದ ಕಟ್ಟಿ ಬೀದರಿಗೆ ಒಯ್ದಿರಿ. ಬಾಗಿಲಲ್ಲಿ ನನ್ನ ಕಿವಿಯ ಹತ್ತಿರ ಬಂದು, ಒಂಬತ್ತು ಹೋದರ ಉಳಿದ ಎರಡು ಸಾವಿರ ಉಳಿತಾವ ಅಂದೆ. ನಾನು ಅದನ್ನೂ ನಂಬಿದೆ. ಉಮಾ ಏನೋ ಜಾಣತನ ಮಾಡುತ್ತಿದ್ದಾಳೆ ಎಂದು ಹತ್ತು ದಿನ ನನಗೆ ನಾನೇ ಹೇಳಿಕೊಂಡೆ.

ಹನ್ನೊಂದನೆಯ ದಿನ ಸತೀಶಕುಮಾರ ಆ ಪುಸ್ತಕ ಓದಿದವರ ಮನೆ ಮನೆಗೆ ಹೋದ. ಅವನ ಕೈಯಲ್ಲಿ ನನ್ನ ರಜಿಸ್ಟರಿನ ಪುಟವಿತ್ತು, ದೊಡ್ಡದಾಗಿ ಪ್ರಿಂಟು ಹಾಕಿಸಿದ್ದು. ಪುಟ ಹಿಡಿದ ನನ್ನ ಹೆಬ್ಬೆರಳೂ ಅದರಲ್ಲಿ ಬಂದಿತ್ತು, ಉಗುರಿಗೆ ಬಕ್ರೀದಿನ ಮೆಹಂದಿ ಇನ್ನೂ ಅರ್ಧ ಉಳಿದಿತ್ತು. ಆ ಫೋಟೊ ನಾನು ಇಡೀ ಜಗತ್ತಿನಲ್ಲಿ ಒಬ್ಬಳಿಗೇ ಕಳಿಸಿದ್ದೆ.

ಸುಮಿತ್ರಾಬಾಯಿ ನಿನಗೆ ಗೊತ್ತಿಲ್ಲ. ಮೆಹಕರದಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಐವತ್ತು ದಾಟಿದೆ, ಗಂಡನಿಲ್ಲ. ಅಕ್ಷರ ಕಲಿತದ್ದು ನಮ್ಮ ಗ್ರಂಥಾಲಯದಲ್ಲೇ, ಮೂರು ವರ್ಷದ ಹಿಂದೆ. ಆ ತೆಳ್ಳನೆಯ ಪುಸ್ತಕವನ್ನು ಸಾಲಿನ ಕೆಳಗೆ ಬೆರಳಿಟ್ಟು ಮೂರು ಸಲ ಓದಿದ್ದಳು. ದಸರಾ ಆದಮೇಲೆ ಅಣ್ಣಂದಿರನ್ನು ಸಮಾಧಾನದಿಂದ ಕೇಳ್ತೇನಿ, ಎರಡೆಕರೆ ಕೊಟ್ರ ಸಾಕು ಎಂದು ನನಗೊಬ್ಬಳಿಗೇ ಹೇಳಿದ್ದಳು. ಪುಟದಲ್ಲಿ ಅವಳ ಹೆಸರು ಮೂರು ಕಡೆ ಇತ್ತು. ಸುದ್ದಿ ಮೆಹಕರ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅಣ್ಣಂದಿರು ಬಂದು ಅಂಗಳದಲ್ಲಿ ಕೂತು, ಓಣಿಯೆಲ್ಲ ಕೇಳುವ ಹಾಗೆ, ಲೈಬ್ರರಿಗಿ ಹೋಗಿ ನಮ್ಮ ಮ್ಯಾಲ ಕೇಸ್ ಹಾಕೋದು ಕಲ್ತೇನು, ತವರಮನಿ ಬೇಕೋ ಹೊಲ ಬೇಕೋ ಹೇಳು ಅಂದರು. ಮರುದಿನ ನೋಂದಣಿಗೆಂದು ಭಾಲ್ಕಿಗೆ ಕರೆದೊಯ್ದು, ಹಕ್ಕು ಬಿಟ್ಟುಕೊಟ್ಟೆ ಎಂಬ ಕಾಗದದ ಮೇಲೆ ಸಹಿ ಹಾಕಿಸಿದರು. ಹೆಬ್ಬೆಟ್ಟಲ್ಲ ಉಮಾ, ಸಹಿ. ನಾನೇ ಕೈ ಹಿಡಿದು ಕಲಿಸಿದ ಸಹಿ.

ಹತ್ತೊಂಬತ್ತು ಹೆಂಗಸರು ಬರುತ್ತಿದ್ದ ಕಡೆ ಈಗ ಇಬ್ಬರು ಬರುತ್ತಾರೆ. ಅವರೂ ಪೇಪರು ನೋಡಿ ಎದ್ದು ಹೋಗುತ್ತಾರೆ.

ನಾನು ಫೋನು ಮಾಡಿ ಕೇಳಿದಾಗ ನೀನು, ಸತೀಶ ಕೇಳಿದ, ಕೊಟ್ಟೆ, ಸರ್ಕಾರಿ ದಾಖಲೆನೇ ಅಲ್ಲೇನು ಅಂದೆ. ಹೆದರಿದ್ದೆ ಎಂದು ಒಂದು ಮಾತು ಅಂದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೆದರಿಕೆ ನನಗೂ ಗೊತ್ತು. ನೀನು ಹಾಗೆ ಅನ್ನಲಿಲ್ಲ. ನಾಳೆ ಕ್ಲಾಸು ಇದೆ ಎಂದು ಫೋನು ಇಟ್ಟೆ.

ಮೇಲಿನ ಕಚೇರಿಗೆ ದೂರು ಬರೆದಿದ್ದೇನೆ. ಪುಸ್ತಕ ವಾಪಸು ಬರಬೇಕು, ಓದುಗರ ಹೆಸರು ಹೊರಗೆ ಹಾಕಿದವರ ವಿಚಾರಣೆ ಆಗಬೇಕು ಎಂದು. ಅದರಲ್ಲಿ ನಿನ್ನ ಹೆಸರಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದೆಂದು ನಾನೇ ತಿಳಿಸುತ್ತಿದ್ದೇನೆ. ಅಷ್ಟಾದರೂ ನಮ್ಮ ನಡುವೆ ಉಳಿಯಲಿ.

ಇಂತಿ,
ಮುಸರ್ರತ

ತಾ.ಕ.: ಶನಿವಾರ. ಪತ್ರ ಎರಡು ದಿನ ಚೀಲದಲ್ಲೇ ಉಳಿಯಿತು. ದೂರಿನಲ್ಲಿ ನಾನು ಬರೆದದ್ದು ನಿನ್ನ ಹೆಸರೊಂದನ್ನೇ. ನನ್ನ ಹೆಸರು ಅವರಿಗೆ ಯಾರು ಕೊಟ್ರು ಎಂದು ಸುಮಿತ್ರಾಬಾಯಿ ಕೇಳಿದಾಗಲೂ ನಿನ್ನ ಹೆಸರನ್ನಷ್ಟೇ ಹೇಳಿದ್ದೆ. ಫೋಟೊ ಹೋದದ್ದು ನನ್ನ ಫೋನಿನಿಂದ ಎಂಬುದನ್ನು ನುಂಗಿಕೊಂಡಿದ್ದೆ. ಇವತ್ತು ದೂರು ತಿರುಗಿ ಬರೆದು, ಮೊದಲು ನನ್ನ ಹೆಸರು ಹಾಕಿ ಕಳಿಸಿದೆ. ಆಮೇಲೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಲೇ ಇದ್ದಳು. ಕೂಡು ಅನ್ನಲಿಲ್ಲ. ನಾನು ಹೊರಡಲು ತಿರುಗಿದಾಗ ಅಂದಳು: ಸೋಮವಾರ ಬರ್ತೇನಿ. ಯಾವುದರೇ ಒಂದು ಪುಸ್ತಕ ತೆಗೆದಿಡು. ನನ್ನ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ.